ನೆಟ್‌ವರ್ಕ್ ಇಂಟರಪ್ಟ್ ಹಂಚಿಕೆ

ಹೊರಗಿನಿಂದ ಪ್ಯಾಕೆಟ್ ಬಂತೆಂದು ನೆಟ್‌ವರ್ಕ್ ಕಾರ್ಡ್ ಪ್ರೊಸೆಸರಿಗೆ ತಿಳಿಸುವ ಸೂಚನೆಯೇ ಇಂಟರಪ್ಟ್. ಸೂಚನೆ ಸಿಕ್ಕ ಕೋರ್ ಕೈಯಲ್ಲಿದ್ದ ಕೆಲಸವನ್ನು ಅಲ್ಲಿಗೇ ಬಿಟ್ಟು, ಬಿಟ್ಟ ಜಾಗವನ್ನು ಗುರುತಿಟ್ಟುಕೊಂಡು, ಕಾರ್ಡಿನ ಕೆಲಸ ನೋಡಿ ಹಿಂತಿರುಗುತ್ತದೆ. ಹಲವು ಕೋರ್‌ಗಳಿರುವ ಯಂತ್ರದಲ್ಲಿ ಈ ಸೂಚನೆಗಳೂ ಅವುಗಳ ಬೆನ್ನಿಗೇ ಬರುವ ಪ್ಯಾಕೆಟ್ ಕೆಲಸವೂ ಯಾವ ಕೋರ್‌ಗೆ ಹೋಗಬೇಕೆಂದು ತೀರ್ಮಾನಿಸುವ ವಿಧಾನಗಳನ್ನೆಲ್ಲ ಒಟ್ಟಾಗಿ ಇಂಟರಪ್ಟ್ ಹಂಚಿಕೆ ಎನ್ನಬಹುದು. ಇದರ ಒಂದು ಭಾಗ ಕಾರ್ಡಿನ ಚಿಪ್‌ನೊಳಗೆ ನಡೆಯುತ್ತದೆ, ಉಳಿದದ್ದು ಆಪರೇಟಿಂಗ್ ಸಿಸ್ಟಂನ ಕರ್ನಲ್‌ನಲ್ಲಿ. ಎಲ್ಲ ಕೋರ್‌ಗಳಿಗೂ ಸಮಪಾಲು ಮಾಡುವುದೇ ಇದರ ಉದ್ದೇಶ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಈ ಕ್ಷೇತ್ರದ ಜಾಣ್ಮೆ ಬಹುಪಾಲು ಖರ್ಚಾಗಿರುವುದು ಒಂದು ಸಂಪರ್ಕಕ್ಕೆ ಸೇರಿದ ಪ್ಯಾಕೆಟ್‌ಗಳು ಕೋರ್‌ನಿಂದ ಕೋರ್‌ಗೆ ಅಲೆಯದಂತೆ ನೋಡಿಕೊಳ್ಳುವುದಕ್ಕೆ. ಇಲ್ಲಿನ ವಿವರಗಳು ಹೆಚ್ಚಾಗಿ ಲಿನಕ್ಸ್‌ಗೆ ಸಂಬಂಧಿಸಿದವು. ಸರ್ವರ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅದು, ಒಳಗಿನ ವ್ಯವಸ್ಥೆಯನ್ನು ತೆರೆದು ನೋಡಲು ಸಾಧ್ಯವಿರುವುದೂ ಅದರಲ್ಲಿ.

ಭಾರ ಎಷ್ಟು

ಈಥರ್ನೆಟ್‌ನ ಅತಿ ಚಿಕ್ಕ ಫ್ರೇಮ್ 64 ಬೈಟ್. ಅದರ ಮುಂದಿನ 8 ಬೈಟ್‌ಗಳ ಪೀಠಿಕೆ, ಎರಡು ಫ್ರೇಮ್‌ಗಳ ನಡುವೆ ಬಿಡಬೇಕಾದ 12 ಬೈಟ್‌ಗಳಷ್ಟು ತೆರಪು ಸೇರಿದರೆ ತಂತಿಯ ಮೇಲೆ ಅದು ಹಿಡಿಯುವ ಜಾಗ 84 ಬೈಟ್, ಅಂದರೆ 672 ಬಿಟ್. ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ತಂತಿಯಲ್ಲಿ ಇಂಥ ಫ್ರೇಮ್‌ಗಳು ಸೆಕೆಂಡಿಗೆ 1.488 ಕೋಟಿ ಬರಬಲ್ಲವು. ಒಂದೊಂದಕ್ಕೆ ಸಿಗುವ ಸಮಯ 67.2 ನ್ಯಾನೊಸೆಕೆಂಡ್, 3 ಗಿಗಾಹರ್ಟ್ಸ್ ವೇಗದ ಕೋರ್‌ಗೆ ಇದು ಸುಮಾರು 200 ಕ್ಲಾಕ್ ಸೈಕಲ್. ಕ್ಯಾಷ್‌ನಲ್ಲಿ ಸಿಗದ ಯಾವುದೋ ಒಂದು ಮಾಹಿತಿಗಾಗಿ ಮುಖ್ಯ ಮೆಮೊರಿಗೆ ಒಮ್ಮೆ ಹೋಗಿಬಂದರೆ ಅಷ್ಟು ಸಮಯವೂ ಹೆಚ್ಚು ಕಡಿಮೆ ಮುಗಿದೇಹೋಗುತ್ತದೆ. ಅದೇ ತಂತಿಯಲ್ಲಿ 1518 ಬೈಟ್‌ಗಳ ದೊಡ್ಡ ಫ್ರೇಮ್‌ಗಳು ಬಂದರೆ ಸೆಕೆಂಡಿಗೆ 8.12 ಲಕ್ಷ ಮಾತ್ರ. ಪ್ರೊಸೆಸರಿನ ದಣಿವನ್ನು ಅಳೆಯಬೇಕಾದದ್ದು ಗಿಗಾಬಿಟ್‌ನಲ್ಲಲ್ಲ, ಪ್ಯಾಕೆಟ್‌ಗಳ ಎಣಿಕೆಯಲ್ಲಿ. ಸಿನಿಮಾ ಫೈಲ್‌ಗಳನ್ನು ಹಂಚುವ ಸರ್ವರ್ ನಿರಾಳವಾಗಿರುವ ವೇಗದಲ್ಲೇ ಹೆಸರು ಹುಡುಕಿಕೊಡುವ ಡಿಎನ್‌ಎಸ್ ಸರ್ವರ್, ಧ್ವನಿ ಕರೆಗಳ ಸರ್ವರ್ ಉಸಿರುಗಟ್ಟುವುದು ಇದರಿಂದ.

10 ಗಿಗಾಬಿಟ್ ಈಥರ್ನೆಟ್ ಮಾನಕ ಬಂದದ್ದು 2002ರಲ್ಲಿ, 40 ಮತ್ತು 100 ಗಿಗಾಬಿಟ್‌ನವು 2010ರಲ್ಲಿ, 400 ಗಿಗಾಬಿಟ್‌ನದು 2017ರಲ್ಲಿ. ಇದೇ ಅವಧಿಯಲ್ಲಿ ಒಂದು ಕೋರ್‌ನ ಕ್ಲಾಕ್ ವೇಗ ಮೂರು ನಾಲ್ಕು ಗಿಗಾಹರ್ಟ್ಸ್ ಆಸುಪಾಸಿನಲ್ಲೇ ನಿಂತುಬಿಟ್ಟಿತು. ಬೆಳೆದದ್ದು ಕೋರ್‌ಗಳ ಸಂಖ್ಯೆ. ತಂತಿಯ ವೇಗಕ್ಕೆ ಸರಿಗಟ್ಟಬೇಕಾದರೆ ಪ್ಯಾಕೆಟ್ ಕೆಲಸವನ್ನು ಕೋರ್‌ಗಳಿಗೆ ಹಂಚುವುದು ಬಿಟ್ಟರೆ ದಾರಿ ಉಳಿಯಲಿಲ್ಲ.

1999ರ ಜಗಳ

ಈ ವಿಷಯ ಸಾರ್ವಜನಿಕ ಚರ್ಚೆಗೆ ಬಿದ್ದದ್ದು ಒಂದು ಜಾಹೀರಾತಿನಂಥ ಪರೀಕ್ಷೆಯಿಂದ. 1999ರ ಏಪ್ರಿಲ್‌ನಲ್ಲಿ ಮೈಂಡ್‌ಕ್ರಾಫ್ಟ್ ಎಂಬ ಸಂಸ್ಥೆ, ಮೈಕ್ರೋಸಾಫ್ಟ್ ಕೊಟ್ಟ ಹಣದಲ್ಲಿ, ವಿಂಡೋಸ್ ಎನ್‌ಟಿ 4.0 ಮತ್ತು ಲಿನಕ್ಸ್ 2.2 ಎರಡನ್ನೂ ನಾಲ್ಕು ಪ್ರೊಸೆಸರಿನ ಡೆಲ್ ಸರ್ವರ್ ಮೇಲೆ ಓಡಿಸಿತು. ಫೈಲ್ ಸರ್ವರ್ ಆಗಿ ಎನ್‌ಟಿ 2.5 ಪಟ್ಟು, ವೆಬ್ ಸರ್ವರ್ ಆಗಿ 3.7 ಪಟ್ಟು ವೇಗ ಎಂದು ವರದಿ ಹೇಳಿತು. ಯಂತ್ರದಲ್ಲಿ ಸೆಕೆಂಡಿಗೆ 100 ಮೆಗಾಬಿಟ್‌ನ ನಾಲ್ಕು ಕಾರ್ಡ್‌ಗಳಿದ್ದವು. ಎನ್‌ಟಿಯಲ್ಲಿ ಒಂದೊಂದು ಕಾರ್ಡನ್ನು ಒಂದೊಂದು ಪ್ರೊಸೆಸರಿಗೆ ಕಟ್ಟಿಹಾಕಲಾಗಿತ್ತು. ಲಿನಕ್ಸ್ ಬಳಗ ಸಿಟ್ಟಾಯಿತು. ಆ ಸಿಟ್ಟಿಗೆ ಕಾರಣವೂ ಇತ್ತು: ಎನ್‌ಟಿಯನ್ನು ಹದಗೊಳಿಸಿದಷ್ಟು ಶ್ರದ್ಧೆಯಿಂದ ಲಿನಕ್ಸನ್ನು ಹದಗೊಳಿಸಿರಲಿಲ್ಲ. ಆದರೆ ಲಿನಕ್ಸ್ ಪರಿಣತರನ್ನು ಪಕ್ಕದಲ್ಲೇ ಕೂರಿಸಿಕೊಂಡು ಮತ್ತೆ ನಡೆಸಿದಾಗಲೂ ಗೆದ್ದದ್ದು ಎನ್‌ಟಿಯೇ. ಲಿನಕ್ಸ್ 2.2ರಲ್ಲಿ ಪ್ರೊಸೆಸರುಗಳು ನಾಲ್ಕಿದ್ದರೂ ನೆಟ್‌ವರ್ಕ್ ಕೋಡ್‌ನೊಳಗೆ ಒಂದು ಸಲಕ್ಕೆ ಒಂದೇ ಪ್ರೊಸೆಸರಿಗೆ ಪ್ರವೇಶ. ಉಳಿದವು ಬೀಗ ತೆರೆಯುವುದನ್ನು ಕಾಯುತ್ತ ನಿಲ್ಲಬೇಕಿತ್ತು. ಪಕ್ಷಪಾತದ ಪರೀಕ್ಷೆಯೇ ಆದರೂ ಅದು ಬೊಟ್ಟು ಮಾಡಿದ ಹುಳುಕು ನಿಜವಾದದ್ದು. 2001ರ ಜನವರಿಯಲ್ಲಿ ಹೊರಬಂದ 2.4 ಆವೃತ್ತಿಯಲ್ಲಿ ಆ ಭಾಗವನ್ನು ಒಡೆದು ಕಟ್ಟಲಾಗಿತ್ತು, ಒಂದೊಂದು ಪ್ರೊಸೆಸರಿಗೂ ತನ್ನದೇ ಪ್ಯಾಕೆಟ್ ಕ್ಯೂ ಸಿಕ್ಕಿತ್ತು.

ಆಗ ರೂಪುಗೊಂಡ ಏರ್ಪಾಡಿನ ತಿರುಳು ಇಂದಿಗೂ ಬದಲಾಗಿಲ್ಲ. ಇಂಟರಪ್ಟ್ ಸಿಕ್ಕ ಕೋರ್ ಆ ಗಳಿಗೆಯಲ್ಲಿ ಮಾಡುವ ಕೆಲಸ ಬಹಳ ಚಿಕ್ಕದು: ಕಾರ್ಡಿಗೆ ಉತ್ತರಿಸಿ, ಮುಂದಿನ ಕೆಲಸ ಬಾಕಿಯಿದೆ ಎಂದು ಗುರುತು ಹಾಕಿ ಬಿಡುತ್ತದೆ. ಪ್ಯಾಕೆಟ್ ಬಿಚ್ಚಿ ವಿಳಾಸ ನೋಡಿ, ಫೈರ್‌ವಾಲ್ ನಿಯಮ ದಾಟಿಸಿ, ಪ್ರೋಗ್ರಾಮಿನ ಸಾಕೆಟ್‌ಗೆ ತಲುಪಿಸುವ ಭಾರವೆಲ್ಲ ಸಾಫ್ಟ್‌ಐಆರ್‌ಕ್ಯೂ ಎಂಬ ಎರಡನೆಯ ಹಂತದ್ದು. ಈ ಎರಡನೆಯ ಹಂತ ಓಡುವುದೂ ಇಂಟರಪ್ಟ್ ಬಿದ್ದ ಕೋರ್ ಮೇಲೆಯೇ. ಹೀಗಾಗಿ ಒಂದು ಇಂಟರಪ್ಟಿನ ದಿಕ್ಕು ಬದಲಿಸಿದರೆ ಸೂಚನೆಯ ಜೊತೆಗೆ ಅದರ ಹಿಂದಿನ ದುಡಿಮೆಯೂ ಅಲ್ಲಿಗೇ ಹೋಗುತ್ತದೆ.

ಲೈವ್‌ಲಾಕ್

ಹಂಚುವ ಮೊದಲು ಇಂಟರಪ್ಟ್‌ಗಳ ಸಂಖ್ಯೆಯನ್ನೇ ಇಳಿಸಬೇಕಿತ್ತು. 1996ರಲ್ಲಿ ಜೆಫ್ರಿ ಮೊಗುಲ್ ಮತ್ತು ಕೆ.ಕೆ. ರಾಮಕೃಷ್ಣನ್ ಪ್ರಕಟಿಸಿದ ಪ್ರಬಂಧ ರಿಸೀವ್ ಲೈವ್‌ಲಾಕ್ ಎಂಬ ಸ್ಥಿತಿಯನ್ನು ವಿವರಿಸಿತು. ರಾಮಕೃಷ್ಣನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಪಡೆದವರು. ಪ್ಯಾಕೆಟ್‌ಗಳು ಮಿತಿ ಮೀರಿ ಬಂದಾಗ ಪ್ರೊಸೆಸರು ಇಂಟರಪ್ಟ್‌ಗಳಿಗೆ ಓಗೊಡುವುದರಲ್ಲೇ ಮುಳುಗಿ, ಬಂದ ಒಂದು ಪ್ಯಾಕೆಟನ್ನೂ ಕೊನೆಯವರೆಗೆ ಮುಟ್ಟಿಸಲಾಗದೆ ಹೋಗುತ್ತದೆ. ಹೊಸ ರೋಗಿಗಳ ಹೆಸರು ಬರೆದುಕೊಳ್ಳುವುದರಲ್ಲೇ ಹೊತ್ತು ಕಳೆದು, ಒಬ್ಬರನ್ನೂ ಪರೀಕ್ಷಿಸಲಾಗದ ದವಾಖಾನೆಯ ಅವಸ್ಥೆ. ಯಂತ್ರ ಸತ್ತಿಲ್ಲ, ಬಿಡುವೇ ಇಲ್ಲದೆ ದುಡಿಯುತ್ತಿದೆ, ಉತ್ಪತ್ತಿ ಮಾತ್ರ ಸೊನ್ನೆ.

ಪರಿಹಾರದ ಎಳೆಯೂ ಅದೇ ಪ್ರಬಂಧದಲ್ಲಿತ್ತು: ಮೊದಲ ಇಂಟರಪ್ಟ್ ಬಂದೊಡನೆ ಆ ಕಾರ್ಡಿನ ಬಾಯಿ ಮುಚ್ಚಿಸಿ, ನಂತರ ಕರ್ನಲ್ ತಾನಾಗಿ ಹೋಗಿ ಬಂದದ್ದನ್ನು ಎತ್ತಿಕೊಳ್ಳಬೇಕು. 2001ರಲ್ಲಿ ಜಮಾಲ್ ಹಾದಿ ಸಲೀಂ, ರಾಬರ್ಟ್ ಓಲ್ಸನ್, ಅಲೆಕ್ಸಿ ಕುಜ್ನೆತ್ಸೊವ್ ಮಂಡಿಸಿದ ನ್ಯಾಪಿ ಎಂಬ ವ್ಯವಸ್ಥೆ ಲಿನಕ್ಸ್‌ನಲ್ಲಿ ಇದನ್ನು ಜಾರಿಗೆ ತಂದಿತು. ಇದರಲ್ಲಿ ಡ್ರೈವರ್ ಒಂದು ಸಲಕ್ಕೆ ಸಾಮಾನ್ಯವಾಗಿ 64 ಪ್ಯಾಕೆಟ್‌ಗಳವರೆಗೆ ಎತ್ತುತ್ತದೆ. ಒಂದು ಸುತ್ತಿನ ಒಟ್ಟು ಮಿತಿ, ಬದಲಿಸದಿದ್ದರೆ, 300. ಕ್ಯೂ ಖಾಲಿಯಾದರೆ ಇಂಟರಪ್ಟ್ ಮತ್ತೆ ಶುರು. ಖಾಲಿಯಾಗದಿದ್ದರೆ ಉಳಿದದ್ದು ಕೆಸಾಫ್ಟ್‌ಐಆರ್‌ಕ್ಯೂಡಿ ಎಂಬ ಕರ್ನಲ್ ಥ್ರೆಡ್‌ನ ಪಾಲಾಗಬಹುದು. ಅಂಥ ಥ್ರೆಡ್ ಕೋರ್‌ಗೊಂದರಂತೆ ಇರುತ್ತದೆ. ದಟ್ಟಣೆ ಹೆಚ್ಚಿದಷ್ಟೂ ಇಂಟರಪ್ಟ್ ಕಡಿಮೆಯಾಗುವ ವಿಚಿತ್ರ ಇದರಿಂದ ಕಾಣುತ್ತದೆ. ಇಂಟರಪ್ಟ್‌ಗಳ ಎಣಿಕೆ ಇಳಿದಿದೆ ಎಂದಮಾತ್ರಕ್ಕೆ ಕೋರ್ ಬಿಡುವಾಗಿದೆ ಎನ್ನುವಂತಿಲ್ಲ. ಇದಲ್ಲದೆ ಕಾರ್ಡ್ ತಾನೇ ಕೆಲವು ಮೈಕ್ರೊಸೆಕೆಂಡ್ ಕಾದು ಹಲವು ಪ್ಯಾಕೆಟ್‌ಗಳಿಗೆ ಒಂದೇ ಇಂಟರಪ್ಟ್ ಕೊಡುವ ಕೊಅಲೆಸಿಂಗ್ ಎಂಬ ಸೌಲಭ್ಯವೂ ಇದೆ. ಕಾಯುವ ಹೊತ್ತು ಹೆಚ್ಚಿಸಿದರೆ ಪ್ರೊಸೆಸರಿಗೆ ಲಾಭ, ಉತ್ತರಕ್ಕಾಗಿ ಕಾದಿರುವವನಿಗೆ ನಷ್ಟ.

ಕಾರ್ಡಿನೊಳಗೇ ವಿಂಗಡಣೆ

ಹಳೆಯ ಪಿಸಿಐ ಕಾರ್ಡ್‌ಗಳು ಇಂಟರಪ್ಟಿಗೆ ನಿಜವಾದ ತಂತಿಯನ್ನೇ ಬಳಸುತ್ತಿದ್ದವು. ಒಂದು ಸ್ಲಾಟ್‌ಗೆ ನಾಲ್ಕು ತಂತಿ, ಅವನ್ನೂ ಬೇರೆ ಕಾರ್ಡ್‌ಗಳೊಂದಿಗೆ ಹಂಚಿಕೊಳ್ಳಬೇಕಾದ ಪಾಡು. ತಂತಿಯ ಬದಲು ಮೆಮೊರಿಯ ಒಂದು ನಿಗದಿತ ವಿಳಾಸಕ್ಕೆ ಒಂದು ಸಂಖ್ಯೆ ಬರೆದು ಇಂಟರಪ್ಟ್ ಎಬ್ಬಿಸುವ ಎಂಎಸ್‌ಐ ಪದ್ಧತಿ ಬಂದಾಗ ಒಂದು ಸಾಧನಕ್ಕೆ 32 ಇಂಟರಪ್ಟ್‌ಗಳವರೆಗೆ ಅವಕಾಶವಾಯಿತು. ಅದರ ಮುಂದಿನ ರೂಪ ಎಂಎಸ್‌ಐ-ಎಕ್ಸ್‌ನಲ್ಲಿ 2048ರವರೆಗೆ, ಅದೂ ಒಂದೊಂದಕ್ಕೂ ಪ್ರತ್ಯೇಕ ವಿಳಾಸ. ಬೇರೆ ವಿಳಾಸ ಎಂದರೆ ಬೇರೆ ಕೋರ್. ಕಾರ್ಡಿನೊಳಗೆ ಒಂದರ ಬದಲು ಹತ್ತಾರು ಕ್ಯೂಗಳನ್ನು ಇಟ್ಟು, ಕ್ಯೂಗೊಂದು ಇಂಟರಪ್ಟ್, ಇಂಟರಪ್ಟಿಗೊಂದು ಕೋರ್ ಎಂದು ಜೋಡಿಸುವುದು ಆಗಷ್ಟೇ ಸುಲಭವಾಯಿತು. ಇಂಟೆಲ್‌ನ 82599 ಎಂಬ 10 ಗಿಗಾಬಿಟ್ ಚಿಪ್‌ನಲ್ಲಿ ಒಳಬರುವ ಪ್ಯಾಕೆಟ್‌ಗಳಿಗೇ 128 ಕ್ಯೂಗಳಿದ್ದವು.

ಕ್ಯೂಗಳೇನೋ ಆದವು. ಬಂದ ಪ್ಯಾಕೆಟನ್ನು ಯಾವ ಕ್ಯೂಗೆ ಹಾಕಬೇಕು? ಸರದಿಯಂತೆ ಒಂದು ಇದಕ್ಕೆ, ಒಂದು ಅದಕ್ಕೆ ಎಂದು ಹಾಕಿದರೆ ಪಾಲು ನಿಖರವಾಗಿ ಸಮನಾಗುತ್ತದೆ, ಸಂಪರ್ಕ ಮಾತ್ರ ಹಾಳಾಗುತ್ತದೆ. ಒಂದೇ ಟಿಸಿಪಿ ಸಂಪರ್ಕದ ಐದನೆಯ ಪ್ಯಾಕೆಟನ್ನು ಬಿಡುವಾಗಿದ್ದ ಕೋರ್ ಮೊದಲೇ ಮುಗಿಸಿ, ನಾಲ್ಕನೆಯದು ಇನ್ನೊಂದು ಕೋರ್‌ನಲ್ಲಿ ಸಿಕ್ಕಿಕೊಂಡಿದ್ದರೆ ಟಿಸಿಪಿಗೆ ಅದು ಕ್ರಮ ತಪ್ಪಿದಂತೆ ಕಾಣುತ್ತದೆ. ಒಂದೇ ಸ್ವೀಕೃತಿ ಮೂರು ಸಲ ಮರುಕಳಿಸಿತೆಂದರೆ ಕಳುಹಿಸುವವನು ನಡುವಿನ ಪ್ಯಾಕೆಟ್ ಕಳೆದುಹೋಯಿತೆಂದು ತಿಳಿದು ಮತ್ತೆ ಕಳುಹಿಸುತ್ತಾನೆ, ವೇಗವನ್ನೂ ತಗ್ಗಿಸುತ್ತಾನೆ. ಇದರ ಜೊತೆಗೆ ಆ ಸಂಪರ್ಕದ ಲೆಕ್ಕಪತ್ರ ಒಂದು ಕೋರ್‌ನ ಕ್ಯಾಷ್‌ನಿಂದ ಇನ್ನೊಂದರ ಕ್ಯಾಷ್‌ಗೆ 64 ಬೈಟ್‌ಗಳ ತುಂಡುಗಳಾಗಿ ಓಡಾಡುತ್ತಲೇ ಇರಬೇಕು. ಎಂಟು ಕೋರ್ ಸೇರಿ ಒಂದಕ್ಕಿಂತ ನಿಧಾನವಾಗುವುದು ಹೀಗೆ.

ಆದ್ದರಿಂದ ವಿಂಗಡಣೆ ಪ್ಯಾಕೆಟ್ ಲೆಕ್ಕದಲ್ಲಲ್ಲ, ಸಂಪರ್ಕದ ಲೆಕ್ಕದಲ್ಲಿ ನಡೆಯಬೇಕು. ಮೈಕ್ರೋಸಾಫ್ಟ್ ರೂಪಿಸಿ ವಿಂಡೋಸ್ ಸರ್ವರ್ 2003ಕ್ಕೆ ನಂತರದ ಸೇರ್ಪಡೆಯಾಗಿ ಕೊಟ್ಟ ರಿಸೀವ್ ಸೈಡ್ ಸ್ಕೇಲಿಂಗ್ ಮಾಡುವುದು ಇದನ್ನೇ. ಇವತ್ತು ಸರ್ವರ್ ದರ್ಜೆಯ ಯಾವ ಕಾರ್ಡ್ ಕೊಂಡರೂ ಅದರಲ್ಲಿ ಇದು ಇರುತ್ತದೆ. ಪ್ಯಾಕೆಟಿನಿಂದ ಕಳುಹಿಸಿದವನ ಐಪಿ ವಿಳಾಸ, ಪಡೆಯುವವನ ಐಪಿ ವಿಳಾಸ, ಎರಡೂ ಕಡೆಯ ಪೋರ್ಟ್ ಸಂಖ್ಯೆಗಳನ್ನು ಕಾರ್ಡ್ ಓದಿಕೊಳ್ಳುತ್ತದೆ. ಐಪಿ ನಾಲ್ಕನೆಯ ಆವೃತ್ತಿಯಲ್ಲಿ ಇವೆಲ್ಲ ಸೇರಿ 12 ಬೈಟ್, ಅಂದರೆ 96 ಬಿಟ್. ಕಾರ್ಡಿನ ಬಳಿ 40 ಬೈಟ್‌ಗಳ ಒಂದು ಗುಪ್ತ ಕೀಲಿ ಇರುತ್ತದೆ. ಆ 96 ಬಿಟ್‌ಗಳನ್ನು ಎಡದಿಂದ ಒಂದೊಂದಾಗಿ ನೋಡುತ್ತ ಹೋಗಬೇಕು. ಪ್ರತಿ ಹೆಜ್ಜೆಗೂ ಕೀಲಿ ಒಂದು ಬಿಟ್ ಎಡಕ್ಕೆ ಜರುಗುತ್ತದೆ. ನೋಡಿದ ಬಿಟ್ 1 ಆಗಿದ್ದರೆ ಆ ಕ್ಷಣದಲ್ಲಿ ಕೀಲಿಯ ಎಡತುದಿಯಲ್ಲಿರುವ 32 ಬಿಟ್‌ಗಳನ್ನು ಮೊತ್ತಕ್ಕೆ ಎಕ್ಸ್-ಆರ್ ಮಾಡಬೇಕು, 0 ಆಗಿದ್ದರೆ ಸುಮ್ಮನೆ ಮುಂದೆ ಹೋಗಬೇಕು. ಕೊನೆಗೆ ಉಳಿಯುವ 32 ಬಿಟ್ ಸಂಖ್ಯೆಯೇ ಹ್ಯಾಷ್. ಗುಣಾಕಾರವಿಲ್ಲ, ಭಾಗಾಕಾರವಿಲ್ಲ, ಚಿಪ್‌ನಲ್ಲಿ ಕೆತ್ತಲು ಇದಕ್ಕಿಂತ ಅಗ್ಗದ್ದು ಹುಡುಕುವುದು ಕಷ್ಟ. ಇದರ ಹಿಂದಿರುವ ಮ್ಯಾಟ್ರಿಕ್ಸ್‌ನಲ್ಲಿ ಪ್ರತಿ ಓರೆಸಾಲಿನ ಅಂಕಿಗಳೂ ಒಂದೇ ಆಗಿರುತ್ತವೆ. ಅಂಥ ಮ್ಯಾಟ್ರಿಕ್ಸ್‌ಗಳ ಜೊತೆ ಹೆಸರು ಅಂಟಿಕೊಂಡಿರುವ ಒಟ್ಟೊ ಟೋಪ್ಲಿಟ್ಸ್ 1881ರಲ್ಲಿ ಬ್ರೆಸ್ಲಾವ್‌ನಲ್ಲಿ ಹುಟ್ಟಿ 1940ರಲ್ಲಿ ಜೆರುಸಲೇಮ್‌ನಲ್ಲಿ ತೀರಿಕೊಂಡ ಗಣಿತಜ್ಞ. ಈ ಹ್ಯಾಷ್‌ಗೂ ಅವನದೇ ಹೆಸರು, ಈಥರ್ನೆಟ್ ಹುಟ್ಟಿದ್ದು ಮಾತ್ರ ಅವನು ಕಾಲವಾಗಿ ಮೂರು ದಶಕ ಕಳೆದ ಮೇಲೆ.

ಹ್ಯಾಷ್ ನೇರವಾಗಿ ಕ್ಯೂ ಸಂಖ್ಯೆಯಾಗುವುದಿಲ್ಲ. ಅದರ ಕೊನೆಯ 7 ಬಿಟ್‌ಗಳನ್ನು ಹಿಡಿದು 128 ಮನೆಗಳ ಒಂದು ಕೋಷ್ಟಕದೊಳಗೆ ಇಣುಕಿದರೆ ಅಲ್ಲಿ ಕ್ಯೂ ಸಂಖ್ಯೆ ಬರೆದಿರುತ್ತದೆ. ಹೊಸ ಕಾರ್ಡ್‌ಗಳಲ್ಲಿ ಕೋಷ್ಟಕ ಇನ್ನೂ ದೊಡ್ಡದಿರಬಹುದು. ಈ ನಡುವಿನ ಕೋಷ್ಟಕದ ಪ್ರಯೋಜನ ಗೊತ್ತಾಗುವುದು ಒಂದು ಕೋರ್‌ಗೆ ಭಾರ ಹೆಚ್ಚಾದಾಗ: ಕೀಲಿಯನ್ನು ಮುಟ್ಟದೆ ಕೆಲವು ಮನೆಗಳಲ್ಲಿನ ಸಂಖ್ಯೆ ತಿದ್ದಿದರೆ ಅಷ್ಟು ಪಾಲು ಬೇರೆ ಕೋರ್‌ಗೆ ಸರಿಯುತ್ತದೆ. ಲಿನಕ್ಸ್‌ನಲ್ಲಿ ಈಥ್‌ಟೂಲ್ ಎಂಬ ಆಜ್ಞೆಯಿಂದ ಈ ಕೋಷ್ಟಕವನ್ನು ನೋಡಲೂಬಹುದು, ಬದಲಿಸಲೂಬಹುದು.

ಹ್ಯಾಷ್ ಕೈಕೊಡುವ ಜಾಗಗಳು

ಸಾವಿರಾರು ಗ್ರಾಹಕರಿರುವ ವೆಬ್ ಸರ್ವರ್‌ನಲ್ಲಿ ಹ್ಯಾಷ್ ಪಾಲು ಮಾಡುವ ರೀತಿಗೆ ಹೆಸರಿಡುವಂತಿಲ್ಲ. ಸಂಪರ್ಕಗಳು ಬೆರಳೆಣಿಕೆಯಷ್ಟಿದ್ದಾಗ ಕಥೆ ಬೇರೆ. ನಾಲ್ಕು ಕ್ಯೂ, ನಾಲ್ಕು ಸಂಪರ್ಕ ಇದ್ದರೆ ಒಂದೊಂದು ಒಂದೊಂದಕ್ಕೆ ಬೀಳುತ್ತದೆ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ನಿಜವಾಗಿ 256 ಸಾಧ್ಯತೆಗಳಲ್ಲಿ ಹಾಗಾಗುವುದು 24ರಲ್ಲಿ ಮಾತ್ರ, ನೂರಕ್ಕೆ ಒಂಬತ್ತು ಚಿಲ್ಲರೆ. ಎಂಟು ಕ್ಯೂಗಳಿದ್ದರೂ ನಾಲ್ಕು ಸಂಪರ್ಕಗಳು ಬೇರೆ ಬೇರೆ ಕಡೆ ಬೀಳುವ ಸಂಭವ ನೂರಕ್ಕೆ 41. ಎರಡು ಸರ್ವರ್‌ಗಳ ನಡುವೆ ಬ್ಯಾಕಪ್ ಓಡಿಸಿ, ಒಂದು ಕೋರ್ ನೂರಕ್ಕೆ ನೂರು ದುಡಿಯುತ್ತಿದ್ದು ಉಳಿದವು ತೂಕಡಿಸುತ್ತಿರುವುದನ್ನು ಕಂಡು ಕಾರ್ಡ್ ಕೆಟ್ಟಿದೆ ಎಂದುಕೊಳ್ಳುವವರುಂಟು. ಕಾರ್ಡ್ ಕೆಟ್ಟಿರುವುದಿಲ್ಲ. ಒಂದೇ ಸಂಪರ್ಕವನ್ನು ಎರಡು ಕೋರ್‌ಗೆ ಸೀಳುವುದು ಈ ವಿಧಾನದ ಉದ್ದೇಶವೇ ಅಲ್ಲ.

ಇನ್ನೊಂದು ತೊಡಕು ಕಾರ್ಡಿಗೆ ಓದಲು ಬಾರದ ಪ್ಯಾಕೆಟ್‌ಗಳದು. ಮನೆಗಳಿಗೆ ಬ್ರಾಡ್‌ಬ್ಯಾಂಡ್ ಕೊಡುವವರು ಗ್ರಾಹಕನ ಹೆಸರು, ಪಾಸ್‌ವರ್ಡ್ ಪರಿಶೀಲಿಸಲು ಬಳಸುವ ಪಿಪಿಪಿಒಇಯನ್ನೇ ತೆಗೆದುಕೊಳ್ಳಿ. ಭಾರತದ ಸಣ್ಣ ಕೇಬಲ್ ಆಪರೇಟರುಗಳಲ್ಲೂ ಇದರ ಬಳಕೆ ಬಹಳ. ಇದರಲ್ಲಿ ಐಪಿ ಪ್ಯಾಕೆಟ್ ಇನ್ನೊಂದು ಹೊದಿಕೆಯೊಳಗೆ ಕೂತಿರುತ್ತದೆ. ಹೊದಿಕೆ ಬಿಚ್ಚಲು ಬಾರದ ಕಾರ್ಡ್‌ಗೆ ಅದು ಐಪಿ ಎಂದೇ ತಿಳಿಯುವುದಿಲ್ಲ, ಎಲ್ಲವನ್ನೂ ಸೊನ್ನೆಯ ಕ್ಯೂಗೆ ತಳ್ಳಿಬಿಡುತ್ತದೆ. ಹದಿನಾರು ಕೋರ್ ಕೊಂಡ ಆಪರೇಟರಿಗೆ ದಕ್ಕುವುದು ಒಂದು. ತುಂಡಾದ ಐಪಿ ಪ್ಯಾಕೆಟ್‌ಗಳಲ್ಲಿ ಮೊದಲ ತುಂಡಿಗೆ ಮಾತ್ರ ಪೋರ್ಟ್ ಸಂಖ್ಯೆ ಇರುತ್ತದೆ. ಅದಕ್ಕೇ ಅನೇಕ ಕಾರ್ಡ್‌ಗಳು ಯುಡಿಪಿಗೆ ಪೋರ್ಟ್ ಬಿಟ್ಟು ವಿಳಾಸಗಳನ್ನಷ್ಟೇ ಹ್ಯಾಷ್ ಮಾಡುತ್ತವೆ. ಡೇಟಾ ಸೆಂಟರ್‌ಗಳಲ್ಲಿ ಬಳಸುವ ವಿಎಕ್ಸ್‌ಲ್ಯಾನ್ ಸುರಂಗದ ವಿನ್ಯಾಸಕರು ಮಾತ್ರ ಇದನ್ನು ಮೊದಲೇ ಊಹಿಸಿದ್ದರು: ಒಳಗಿನ ಪ್ಯಾಕೆಟಿನ ಹ್ಯಾಷ್‌ನಿಂದಲೇ ಹೊರಗಿನ ಹೊದಿಕೆಯ ಪೋರ್ಟ್ ಸಂಖ್ಯೆಯನ್ನು ಆಯ್ದುಕೊಳ್ಳಬೇಕೆಂದು 2014ರ ಅದರ ದಾಖಲೆ ಶಿಫಾರಸು ಮಾಡುತ್ತದೆ, ದಾರಿಯಲ್ಲಿನ ಯಾವ ಸಾಧನವೂ ಒಳಗೆ ಇಣುಕದೆ ವಿಂಗಡಿಸಲಿ ಎಂದು.

ಕರ್ನಲ್‌ನಲ್ಲಿ ಹಂಚುವುದು

ಕಾರ್ಡಿನಲ್ಲಿ ಒಂದೇ ಕ್ಯೂ ಇದ್ದರೆ, ಇಲ್ಲವೇ ಮೇಲಿನಂತೆ ಅದು ಕೈಚೆಲ್ಲಿದರೆ, ಅದೇ ಕೆಲಸವನ್ನು ತಂತ್ರಾಂಶದಲ್ಲಿ ಮಾಡುವುದು ರಿಸೀವ್ ಪ್ಯಾಕೆಟ್ ಸ್ಟೀರಿಂಗ್, ಚಿಕ್ಕದಾಗಿ ಆರ್‌ಪಿಎಸ್. ಗೂಗಲ್‌ನಲ್ಲಿದ್ದ ಟಾಮ್ ಹರ್ಬರ್ಟ್ ಬರೆದ ಇದು 2010ರ ಆಗಸ್ಟ್‌ನ ಲಿನಕ್ಸ್ 2.6.35ರಲ್ಲಿ ಸೇರಿತು. ಇಂಟರಪ್ಟ್ ಸಿಕ್ಕ ಕೋರ್ ಪ್ಯಾಕೆಟಿನ ಹ್ಯಾಷ್ ಮಾತ್ರ ನೋಡಿ ಬೇರೆ ಕೋರ್‌ನ ಕ್ಯೂಗೆ ಹಾಕಿ, ಆ ಕೋರ್‌ಗೆ ಒಂದು ಸೂಚನೆ ಕಳುಹಿಸುತ್ತದೆ. ಎಂಟು ಕೋರ್‌ನ ಇಂಟೆಲ್ ಯಂತ್ರ ಮತ್ತು ಒಂದೇ ಕ್ಯೂನ ಕಾರ್ಡಿನಲ್ಲಿ ಸೆಕೆಂಡಿಗೆ 1.08 ಲಕ್ಷ ಇದ್ದ ವ್ಯವಹಾರಗಳು 3.11 ಲಕ್ಷಕ್ಕೆ ಏರಿದ್ದನ್ನು ಅವರು ತಮ್ಮ ಪ್ಯಾಚ್‌ನ ಜೊತೆಗೇ ಕೊಟ್ಟಿದ್ದರು. ಪ್ರೊಸೆಸರ್ ಬಳಕೆಯೂ ನೂರಕ್ಕೆ 33ರಿಂದ 64ಕ್ಕೆ ಏರಿತ್ತು. ಪುಕ್ಕಟೆ ಏನೂ ಸಿಗುವುದಿಲ್ಲ: ಒಂದು ಕೋರ್ ಇನ್ನೊಂದನ್ನು ಎಬ್ಬಿಸಲು ಕಳುಹಿಸುವ ಸೂಚನೆಯೂ ಒಂದು ಇಂಟರಪ್ಟೇ. ಕಾರ್ಡ್ ತಾನೇ ಸರಿಯಾಗಿ ವಿಂಗಡಿಸುತ್ತಿರುವಾಗ ಇದನ್ನೂ ಹಚ್ಚಿದರೆ ಖರ್ಚು ಮಾತ್ರ ಹೆಚ್ಚು.

ಆರ್‌ಪಿಎಸ್ ಜೊತೆಯಲ್ಲೇ ಬಂದ ರಿಸೀವ್ ಫ್ಲೋ ಸ್ಟೀರಿಂಗ್ ಒಂದು ಹೆಜ್ಜೆ ಮುಂದೆ ಹೋಗಿ, ಆ ಸಂಪರ್ಕದ ಡೇಟಾ ಓದುವ ಪ್ರೋಗ್ರಾಮು ಕೊನೆಯ ಸಲ ಯಾವ ಕೋರ್‌ನಲ್ಲಿ ಓಡಿತ್ತೆಂದು ಕೋಷ್ಟಕದಲ್ಲಿ ಬರೆದಿಟ್ಟು ಪ್ಯಾಕೆಟನ್ನು ಅಲ್ಲಿಗೇ ಒಯ್ಯುತ್ತದೆ. ಪ್ರೋಗ್ರಾಮು ಬೇರೆ ಕೋರ್‌ಗೆ ಹೋದರೆ ಸಂಪರ್ಕವೂ ಹೋಗಬೇಕು, ಆದರೆ ಹಳೆಯ ಕೋರ್‌ನ ಕ್ಯೂನಲ್ಲಿ ಅದರ ಪ್ಯಾಕೆಟ್‌ಗಳು ಉಳಿದಿರುವವರೆಗೂ ಹೋಗುವಂತಿಲ್ಲ. ಹೋದರೆ ಮತ್ತೆ ಕ್ರಮ ತಪ್ಪುತ್ತದೆ. ಈ ಒಂದು ನಿಯಮ ಪಾಲಿಸಲು ಬೇಕಾದ ಲೆಕ್ಕಾಚಾರವೇ ಆ ಕೋಡ್‌ನ ಮುಖ್ಯ ಭಾಗ. ಹೊರಹೋಗುವ ಪ್ಯಾಕೆಟ್‌ಗಳಿಗೆ ಇಂಥದ್ದೇ ಏರ್ಪಾಡು 2011ರ 2.6.38ರಲ್ಲಿ ಬಂತು.

ನೋಡುವುದು, ತಿದ್ದುವುದು

ಯಾವ ಕೋರ್‌ಗೆ ಎಷ್ಟು ಇಂಟರಪ್ಟ್ ಬಿದ್ದಿದೆ ಎಂದು ನೋಡಲು ಲಿನಕ್ಸ್‌ನ ಪ್ರಾಕ್ ಡೈರೆಕ್ಟರಿಯಲ್ಲಿ ಇಂಟರಪ್ಟ್ಸ್ ಎಂಬ ಫೈಲ್ ಇದೆ. ಎಡಕ್ಕೆ ಇಂಟರಪ್ಟ್ ಸಂಖ್ಯೆ, ಆಮೇಲೆ ಕೋರ್‌ಗೊಂದು ಕಂಬಸಾಲು, ಬಲತುದಿಯಲ್ಲಿ ಕ್ಯೂನ ಹೆಸರು. ಹಂಚಿಕೆ ಸರಿಯಿದ್ದರೆ ದೊಡ್ಡ ಅಂಕಿಗಳು ಎಡಮೇಲಿನಿಂದ ಬಲಕೆಳಕ್ಕೆ ಮೆಟ್ಟಿಲಿನಂತೆ ಇಳಿಯುತ್ತವೆ: ಮೊದಲ ಕ್ಯೂ ಮೊದಲ ಕೋರ್‌ಗೆ, ಎರಡನೆಯದು ಎರಡನೆಯದಕ್ಕೆ. ತಪ್ಪಿದ್ದರೆ ಮೊದಲ ಕಂಬಸಾಲಿನಲ್ಲಿ ಕೋಟಿಗಟ್ಟಲೆ, ಮಿಕ್ಕಲ್ಲೆಲ್ಲ ಸೊನ್ನೆ. ಇವು ಯಂತ್ರ ಚಾಲೂ ಆದಂದಿನಿಂದ ಕೂಡುತ್ತ ಬಂದ ಮೊತ್ತವಾದ್ದರಿಂದ ಒಮ್ಮೆ ನೋಡಿ ತೀರ್ಪು ಕೊಡಬಾರದು, ಕೆಲವು ಸೆಕೆಂಡ್ ಬಿಟ್ಟು ಮತ್ತೆ ನೋಡಿ ವ್ಯತ್ಯಾಸ ತೆಗೆಯಬೇಕು.

ಪ್ರತಿ ಇಂಟರಪ್ಟಿಗೂ ಯಾವ ಕೋರ್‌ಗಳು ಆಗಬಹುದೆಂಬ ಅನುಮತಿಯನ್ನು ಹದಿನಾರರ ಮೂಲದ ಸಂಖ್ಯೆಯಲ್ಲಿ ಬರೆಯುತ್ತಾರೆ: ಮೊದಲ ಕೋರ್‌ಗೆ 1, ಎರಡನೆಯದಕ್ಕೆ 2, ಮೂರನೆಯದಕ್ಕೆ 4, ನಾಲ್ಕನೆಯದಕ್ಕೆ 8, ನಾಲ್ಕಕ್ಕೂ ಸೇರಿಸಿ ಎಫ್. ಎಫ್ ಎಂದು ಬರೆದೊಡನೆ ನಾಲ್ಕಕ್ಕೂ ಹಂಚಿಕೆಯಾಗುತ್ತದೆ ಎಂಬ ನಂಬಿಕೆ ವ್ಯಾಪಕ. ಈಗಿನ ಕರ್ನಲ್‌ಗಳು ಎಕ್ಸ್86 ಯಂತ್ರಗಳಲ್ಲಿ ಆ ಗುಂಪಿನಿಂದ ಒಂದೇ ಒಂದು ಕೋರ್ ಆಯ್ದು ಅಲ್ಲಿಗೇ ಕಳುಹಿಸುತ್ತವೆ. ಪ್ಯಾಕೆಟ್ ಕ್ರಮದ ದೃಷ್ಟಿಯಿಂದ ಅದು ಸರಿಯೇ.

ಕೈಯಿಂದ ತಿದ್ದಲು ಬೇಸರಪಡುವವರಿಗೆ ಐಆರ್‌ಕ್ಯೂ ಬ್ಯಾಲೆನ್ಸ್ ಎಂಬ ಹಿನ್ನೆಲೆ ಪ್ರೋಗ್ರಾಮ್ ಇದೆ. ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಭಾರ ಅಳೆದು ಇಂಟರಪ್ಟ್‌ಗಳ ಜಾಗ ಬದಲಿಸುತ್ತದೆ. ಸಾಧಾರಣ ಸರ್ವರ್‌ಗೆ ಅಷ್ಟು ಸಾಕು. ವೇಗಕ್ಕಾಗಿಯೇ ಕಟ್ಟಿದ ರೂಟರಿನಲ್ಲಿ ಅದನ್ನು ನಿಲ್ಲಿಸಿ ಕೈಯಿಂದ ಕಟ್ಟಿಹಾಕುವುದೇ ವಾಸಿ. ಎರಡನ್ನೂ ಒಟ್ಟಿಗೆ ಮಾಡಿದರೆ ನೀವು ಬರೆದದ್ದನ್ನು ಅದು ಅಳಿಸುವ ಸಾಧ್ಯತೆ ಇದೆ. ಎರಡು ಪ್ರೊಸೆಸರ್ ಸಾಕೆಟ್‌ಗಳಿರುವ ಯಂತ್ರದಲ್ಲಿ ಕಾರ್ಡ್ ಯಾವ ಸಾಕೆಟ್‌ಗೆ ಹತ್ತಿರವೋ ಆ ಕಡೆಯ ಕೋರ್‌ಗಳನ್ನೇ ಆರಿಸಬೇಕು; ಆಚೆ ಕಡೆಯವನ್ನು ಸೇರಿಸಿ ಕೋರ್‌ಗಳ ಸಂಖ್ಯೆ ಇಮ್ಮಡಿಸಿದರೆ ಅವುಗಳಿಗೆ ಹೋಗುವ ಪ್ರತಿ ಪ್ಯಾಕೆಟೂ ಎರಡು ಸಾಕೆಟ್‌ಗಳ ನಡುವಿನ ಸೇತುವೆ ದಾಟಬೇಕಾಗಿ, ಕೆಲವೊಮ್ಮೆ ಒಟ್ಟು ವೇಗವೇ ಇಳಿಯುತ್ತದೆ.

ವರ್ಚುವಲ್ ಯಂತ್ರಗಳು, ಇಂಟರಪ್ಟ್ ಇಲ್ಲದ ದಾರಿ

ಕ್ಲೌಡ್‌ನಲ್ಲಿ ಬಾಡಿಗೆಗೆ ಸಿಗುವ ವರ್ಚುವಲ್ ಯಂತ್ರಗಳಿಗೆ ಈ ಸೌಲಭ್ಯ ತಡವಾಗಿ ದಕ್ಕಿತು. ಅವುಗಳಲ್ಲಿನ ವರ್ಚಿಯೋ ಎಂಬ ಕಾಲ್ಪನಿಕ ಕಾರ್ಡಿಗೆ ಲಿನಕ್ಸ್‌ನಲ್ಲಿ ಹಲವು ಕ್ಯೂಗಳು ಬಂದದ್ದು 2013ರ 3.8 ಆವೃತ್ತಿಯಲ್ಲಿ. ಅದಕ್ಕೆ ಮೊದಲು ಎಷ್ಟು ಕೋರ್ ಬಾಡಿಗೆಗೆ ಹಿಡಿದರೂ ಒಳಬರುವ ಪ್ಯಾಕೆಟ್‌ಗಳು ಒಂದೇ ಬಾಗಿಲಲ್ಲಿ ನುಗ್ಗಬೇಕಿತ್ತು.

2021ರ ಲಿನಕ್ಸ್ 5.12ರಿಂದ ನ್ಯಾಪಿಯ ಕೆಲಸವನ್ನು ಸಾಫ್ಟ್‌ಐಆರ್‌ಕ್ಯೂ ಬದಲು ಪ್ರತ್ಯೇಕ ಥ್ರೆಡ್‌ಗಳಲ್ಲಿ ಓಡಿಸಬಹುದು. ಆಗ ಅದು ಇತರ ಪ್ರೋಗ್ರಾಮುಗಳಂತೆಯೇ ಶೆಡ್ಯೂಲರಿನ ಕಣ್ಣಿಗೆ ಬೀಳುತ್ತದೆ, ಬಿಡುವಿರುವ ಕೋರ್‌ಗೆ ತಾನಾಗಿ ಹೋಗುತ್ತದೆ. ಇನ್ನೊಂದು ಬಣ ಇಂಟರಪ್ಟನ್ನೇ ಕೈಬಿಟ್ಟಿದೆ. ಇಂಟೆಲ್‌ನಲ್ಲಿ ಹುಟ್ಟಿದ ಡಿಪಿಡಿಕೆ ಬಳಸುವ ಪ್ರೋಗ್ರಾಮುಗಳು ಕರ್ನಲನ್ನು ಬದಿಗಿಟ್ಟು, ಮೀಸಲಿಟ್ಟ ಕೋರ್‌ಗಳಿಂದ ಕಾರ್ಡಿನ ಕ್ಯೂವನ್ನು ಎಡೆಬಿಡದೆ ಕೇಳುತ್ತಲೇ ಇರುತ್ತವೆ. ಮೊಬೈಲ್ ಕಂಪನಿಗಳ ಪ್ಯಾಕೆಟ್ ಜಾಲದಲ್ಲಿ ಇದು ಸಾಮಾನ್ಯ. ಅಲ್ಲಿಯೂ ಯಾವ ಸಂಪರ್ಕ ಯಾವ ಕೋರ್‌ಗೆ ಎಂದು ವಿಂಗಡಿಸುವುದು ಬಹುತೇಕ ಅದೇ ಟೋಪ್ಲಿಟ್ಸ್ ಹ್ಯಾಷ್. ಈ ದಾರಿಯ ಬೆಲೆ ಬೀಳುವುದು ವಿದ್ಯುತ್ತಿನ ಮೇಲೆ: ನಡುರಾತ್ರಿ ಒಂದು ಪ್ಯಾಕೆಟೂ ಬಾರದಿದ್ದರೂ ಮೀಸಲಿಟ್ಟ ಕೋರ್‌ಗಳು ನೂರಕ್ಕೆ ನೂರು ಓಡುತ್ತಿರುತ್ತವೆ. ಅದನ್ನು ತಗ್ಗಿಸಲು ಡಿಪಿಡಿಕೆಯಲ್ಲೂ ಕ್ಯೂ ಖಾಲಿ ಇರುವಷ್ಟು ಹೊತ್ತು ಕೋರನ್ನು ಮಲಗಿಸಿ, ಪ್ಯಾಕೆಟ್ ಬಂದಾಗ ಇಂಟರಪ್ಟ್‌ನಿಂದ ಎಬ್ಬಿಸುವ ಆಯ್ಕೆ ಕೊಡಲಾಗಿದೆ.